ಮೀಟಿಂಗ್ ಹಾಲಲ್ಲಿ ಸಿಗದೇ ಇದ್ದಿದ್ದು ಹಾಲಿನ ಡೈರಿಲಿ ಸಿಕ್ತು

ನಾನಿರೋದು ಮೈಸೂರಿನ ಒಂದು ಸಣ್ಣ ಆಫೀಸಲ್ಲಿ, ರಿಸಾರ್ಟು ಗಿಸಾರ್ಟು ಕಟ್ಟೋರಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡ್ಕೊಡ್ತೀವಿ, ಅದ್ರಲ್ಲಿ "ಸ್ಥಳೀಯರ ಅಭಿಪ್ರಾಯ" ಅಂತ ಒಂದ್ ನಾಲ್ಕು ಪುಟ ಇರುತ್ತೆ, ಅದು ನನ್ ಪಾಲಿಗೆ. ಆ ಸಲ ಕಳ್ಸಿದ್ದು ಗುಂಡ್ಲುಪೇಟೆ ಕಡೆ, ಬಂಡೀಪುರ ಕಾಡಂಚಿನ ಒಂದು ಹಳ್ಳಿಗೆ. 2012ರಲ್ಲಿ ಪರಿಸರ ಸೂಕ್ಷ್ಮ ವಲಯ (ಕಾಡಿನ ಸುತ್ತ ಕಟ್ಟಡ ಗಿಟ್ಟಡಕ್ಕೆ ಕಡಿವಾಣ ಇರೋ ಜಾಗ) ಅಂತ 123 ಹಳ್ಳಿ ಸೇರಿಸಿದ್ರಲ್ಲ, ಅದ್ರಲ್ಲಿ ಅದೂ ಒಂದು.

ಪಂಚಾಯ್ತಿ ಹಾಲಲ್ಲಿ ಬೆಳಿಗ್ಗೆ 11ಕ್ಕೆ ಮೀಟಿಂಗ್ ಇಟ್ಟೆ. ಬಂದಿದ್ದು ಹದಿನಾಲ್ಕು ಜನ, ಅರ್ಧಕ್ಕರ್ಧ ಜಮೀನು ಮಾರೋಕ್ ಕಾಯ್ತಿದ್ದೋರು ಇಲ್ಲಾ ಜೀಪ್ ಇಟ್ಕೊಂಡಿದ್ದೋರು, ಎಲ್ರೂ "ಪ್ರವಾಸೋದ್ಯಮ ಬೇಕು" ಅನ್ನೋದಕ್ಕೆ ಟಿಕ್ ಹಾಕಿ ಕಾಫಿ ಕುಡ್ದು ಎದ್ದೋದ್ರು. ನಂಗೂ ಖುಷಿನೇ, ಕೆಲಸ ಬೇಗ ಮುಗೀತು ಅಂತ.

ಸಂಜೆ ಬಸ್ ತಪ್ಪೋಯ್ತು. ಊರಿಗೆ ನೀರು ಬಿಡೋ ನೀರುಗಂಟಿ ಮನೇಲಿ ಮಲ್ಗಿ ಬೆಳಿಗ್ಗೆ ಆರೂವರೆಗೆ ಅವ್ರ ಮನೆಯವ್ರ ಜೊತೆ ಡೈರಿಗೆ ಹೋದೆ, ಅಲ್ನೋಡಿದ್ರೆ ಊರಿಗೂರೇ ಕ್ಯಾನ್ ಹಿಡ್ಕೊಂಡು ಸಾಲಲ್ಲಿ ನಿಂತಿದೆ. ಒಬ್ರು ಅಜ್ಜಿನ ಕೇಳ್ದೆ, ನಿನ್ನೆ ಮೀಟಿಂಗಿಗೆ ಯಾಕ್ ಬರ್ಲಿಲ್ಲ ಅಂತ. "ಹನ್ನೊಂದ್ ಗಂಟೇಲಿ ನನ್ ದನ ಯಾರ್ ಮೇಯಿಸ್ತಾರೆ ಕನವ್ವ, ನಿಮ್ಮಪ್ಪ ಬತ್ತಾನಾ?" ಸಾಲಲ್ಲಿದ್ದೋರೆಲ್ಲ ನಕ್ರು, ಆಮೇಲೆ ಒಬ್ಬೊಬ್ರೇ ಬಾಯ್ ಬಿಟ್ರು.

ಆಗ್ಲೇ ಇರೋ ಒಂದು ರಿಸಾರ್ಟ್ ಸುತ್ತ ಸೋಲಾರ್ ತಂತಿ ಬೇಲಿ ಹಾಕಿದ್ಮೇಲೆ ಆನೆ ಅದನ್ನ ಸುತ್ಕೊಂಡು ಸೀದಾ ಪಕ್ಕದ ಮುಸುಕಿನ ಜೋಳಕ್ಕೆ ನುಗ್ತಾವಂತೆ. ನಾವೊಂದ್ ಬೋರ್ ಕೊರ್ಸೋಕೆ ಆಫೀಸ್ ಆಫೀಸ್ ಅಲೀಬೇಕು, ಅವ್ರಿಗೆ ಈಜೋ ಕೊಳಕ್ಕೆ ನೀರ್ ಎಲ್ಲಿಂದ ಬತ್ತದೆ ಅಂತ ಇನ್ನೊಬ್ರು. ಪ್ರಾಣಿಗಳಿಗೋಸ್ಕರ 2009ರಿಂದ ಹೈವೇನೇ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಮಾಡವ್ರೆ, ಕಾಡಂಚಲ್ಲಿ ಹನ್ನೆರಡು ಗಂಟೆ ತನಕ ಡಿಜೆ ಹಾಕ್ಬೋದಾ ಅಂತ ಒಬ್ಬ ಹುಡುಗ ಕೇಳ್ದ, ನನ್ ಹತ್ರ ಉತ್ರ ಇರ್ಲಿಲ್ಲ. (ಸೂರ್ಯಕಾಂತಿ ಹೊಲಕ್ಕೆ ನುಗ್ಗಿ ಸೆಲ್ಫಿ ತೆಗೆಯೋರ ಬಗ್ಗೆ ಬೈದಿದ್ದನ್ನ ಇಲ್ಲಿ ಬರೆಯೋಕಾಗಲ್ಲ.)

ಹಂಗಂತ ಟೂರಿಸ್ಟೇ ಬೇಡ ಅಂದೋರು ತೀರಾ ಕಮ್ಮಿ. ಗೋಪಾಲಸ್ವಾಮಿ ಬೆಟ್ಟಕ್ಕೆ ಸ್ವಂತ ಗಾಡಿ ಬಿಡಲ್ಲ, ಕೆಳಗೇ ನಿಲ್ಸಿ ಸರ್ಕಾರಿ ಬಸ್ಸಲ್ಲಿ ಹತ್ತಬೇಕು, ಅಂಥದ್ದು ಮಾಡಿ, ನಮ್ ಹುಡುಗ್ರಿಗೆ ಕೆಲಸ ಕೊಡಿ ಅಂದ್ರು ಅಷ್ಟೆ. ನನ್ ಫಾರಮ್ಮಲ್ಲಿ ಇದ್ದಿದ್ದು ಬೇಕು, ಬೇಡ ಅಂತ ಎರಡೇ ಡಬ್ಬಿ, ಇದನ್ನ ಎಲ್ಲಿ ತುಂಬ್ಲಿ? ಹಿಂದ್ಗಡೆ ಖಾಲಿ ಪುಟದಲ್ಲಿ ಬರ್ಕೊಂಡೆ.

ಈಗ ಯಾವ ಊರಿಗೆ ಹೋದ್ರೂ ಹಿಂದಿನ ದಿನ ಸಂಜೇನೇ ಹೋಗಿ ಉಳ್ಕೋತೀನಿ, ಬೆಳಿಗ್ಗೆ ಡೈರಿ ಹತ್ರ ನಿಂತ್ಕೋತೀನಿ, ಮೀಟಿಂಗ್ ಏನಿದ್ರೂ ದನ ಕೊಟ್ಟಿಗೆ ಸೇರಿದ್ಮೇಲೆ.

ಆ ರಿಪೋರ್ಟಲ್ಲಿ ಡಿಜೆ, ಬೇಲಿ ವಿಷ್ಯ ಉಳೀತು. ಬೋರ್‌ವೆಲ್ ಪ್ಯಾರಾನ ನಮ್ ಸೀನಿಯರ್ "ಇದು ಬೇಡಮ್ಮ, ಕ್ಲೈಂಟಿಗೆ ಇಷ್ಟ ಆಗಲ್ಲ" ಅಂತ ತೆಗೆದ್ರು. ನಾನೂ ಸುಮ್ನೆ ಕೂತಿದ್ದೆ, ಕೆಲಸಕ್ಕೆ ಸೇರಿ ಎಂಟೇ ತಿಂಗ್ಳಾಗಿತ್ತು.