ಹಿಡಿಯಬೇಕು, ಉಜ್ಜಬಾರದು

ಆಷಾಢದ ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಊಟಕ್ಕೂ ಮನೆಗೆ ಹೋಗದೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ ಹತ್ತಿದೆ. ಚೀಲದಲ್ಲಿ ಒಂದು ಹಳೆಯ ಬ್ರಾ ಇತ್ತು, ಅಂಗಡಿಯವರಿಗೆ ತೋರಿಸಲೆಂದು. ನಾಲ್ಕು ವರ್ಷಗಳಿಂದ ನನ್ನ ಮೈ ಹೇಗೋ ಒಪ್ಪಿಕೊಂಡಿದ್ದ ಒಂದೇ ಒಂದು ಮಾದರಿ ಅದು. ಮೂರು ಕೊಂಡಿದ್ದೆ. ಎರಡು ಹಿಂದಿನ ಮಳೆಗಾಲದಲ್ಲೇ ಹಾಳಾದವು. ಮೂರನೆಯದರ ಎಲಾಸ್ಟಿಕ್ ಆ ವಾರ ಪೂರ್ತಿ ಜೋತುಬಿತ್ತು. ಅದೇ ಕಂಪನಿಯ, ಅದೇ ಹೆಸರಿನದನ್ನು ಮೊಬೈಲ್‌ನಲ್ಲಿ ತರಿಸಿದರೆ ಬಂದದ್ದು ಬೇರೆಯೇ ಬಟ್ಟೆ. ಅಂಚಿಗೆಲ್ಲ ಲೇಸು, ಎದೆಯ ನಡುವೆ ಸ್ಯಾಟಿನ್ನಿನ ಪುಟ್ಟ ಹೂವು. ಆ ಪೊಟ್ಟಣ ಬಿಚ್ಚಿದ ರಾತ್ರಿ ನಾನು ಅತ್ತಿದ್ದೆ.

ಒಂದು ಒಳ ಉಡುಪಿಗಾಗಿ ಅಳುವುದೇ ಎಂದು ಕೇಳಬಹುದು. ನನ್ನ ಚರ್ಮ ಬಟ್ಟೆಯನ್ನು ಮರೆಯುವುದಿಲ್ಲ. ಹೆಚ್ಚಿನವರಿಗೆ ಬೆಳಿಗ್ಗೆ ತೊಟ್ಟದ್ದು ಸ್ವಲ್ಪ ಹೊತ್ತಿನಲ್ಲೇ ಮೈಯ ಭಾಗವಾಗಿಬಿಡುತ್ತದೆ. ನನಗೆ ಕತ್ತಿನ ಬಳಿಯ ಲೇಬಲ್, ಕಂಕುಳ ಕೆಳಗಿನ ಓವರ್‌ಲಾಕ್ ಹೊಲಿಗೆ, ಹುಕ್ಕಿನ ಹಿಂದಿನ ಒರಟು ತುದಿ ಎಲ್ಲವೂ ಸಂಜೆಯ ತನಕ ತಾವಿದ್ದೇವೆ ಎಂದು ಹೇಳುತ್ತಲೇ ಇರುತ್ತವೆ. ಅದು ನೋವೂ ಅಲ್ಲ, ತುರಿಕೆಯೂ ಅಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದ ಮೇಲೆ, ಇಂಬಳ ಹತ್ತಿರಬಹುದೆಂಬ ಅನುಮಾನದಲ್ಲಿ ಕಾಲಿನ ಚರ್ಮವೆಲ್ಲ ಎಚ್ಚರವಾಗಿರುತ್ತದಲ್ಲ, ಹಾಗೆ. ಇಂಬಳವನ್ನಾದರೆ ಕಿತ್ತು ಎಸೆಯಬಹುದು. ಮೂವತ್ತೆಂಟು ಮಕ್ಕಳ ಎದುರು ನಿಂತು ಭಿನ್ನರಾಶಿ ಹೇಳಿಕೊಡುತ್ತಿರುವಾಗ ಬ್ರಾವನ್ನು ಕಿತ್ತೆಸೆಯಲು ಆಗುವುದಿಲ್ಲ.

ಎಂಟನೆಯ ತರಗತಿಯಲ್ಲಿದ್ದಾಗ ಅಮ್ಮ ಮೊದಲ ಸಲ ತಂದುಕೊಟ್ಟರು. ನಮ್ಮ ಮನೆಯಲ್ಲಿ ಅದನ್ನು ಬ್ರಾ ಎನ್ನುತ್ತಿರಲಿಲ್ಲ, ಬಾಡಿ ಎನ್ನುತ್ತಿದ್ದರು, ಅದೂ ಪಿಸುಮಾತಿನಲ್ಲಿ. ಬಿಳಿ ಬಟ್ಟೆ, ಎದೆಯನ್ನು ಹಿಡಿಯುವ ಕಪ್‌ಗಳ ಮೇಲೆ ಸುತ್ತುಸುತ್ತಾಗಿ ಹೊಲಿಗೆ. ಮಧ್ಯಾಹ್ನದ ಹೊತ್ತಿಗೆ ನಾನು ಶೌಚಾಲಯದಲ್ಲಿ ಅದನ್ನು ಬಿಚ್ಚಿ ಚೀಲಕ್ಕೆ ತುರುಕಿಕೊಂಡಿದ್ದೆ. "ಎಲ್ಲರಿಗೂ ಮೊದಲು ಹಾಗೆಯೇ, ಆಮೇಲೆ ಅಭ್ಯಾಸವಾಗುತ್ತದೆ" ಎಂದರು ಅಮ್ಮ. ನಾನು ನಂಬಿದೆ. ಇಪ್ಪತ್ನಾಲ್ಕು ವರ್ಷವಾಯಿತು, ಅಭ್ಯಾಸವಾಗಿಲ್ಲ. ಚಿಕ್ಕಮ್ಮನ ಮಗಳ ಮದುವೆಯಲ್ಲಿ ಧಾರೆ ಮುಗಿಯುವ ಮೊದಲೇ ಉಗ್ರಾಣಕ್ಕೆ ನುಗ್ಗಿ, ಅಕ್ಕಿ ಮೂಟೆಗಳ ಹಿಂದೆ ನಿಂತು ಹುಕ್ಕು ಬಿಚ್ಚಿದ್ದು ನೆನಪಿದೆ. ಆ ದಿನವಿಡೀ ಸೆರಗನ್ನು ಎದೆಗೆ ಒತ್ತಿಕೊಂಡೇ ಓಡಾಡಿದೆ. ಬ್ರಾ ಇಲ್ಲದೆಯೂ ನನಗೆ ಆಗುವುದಿಲ್ಲ. ಭಾರವಿರುವ ಮೈ, ಮೆಟ್ಟಿಲು ಇಳಿದರೆ ನೋವು, ಎದೆಯ ಕೆಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ. ಹಾಕಿಕೊಂಡರೂ ಕಷ್ಟ, ಬಿಟ್ಟರೂ ಕಷ್ಟ.

ಇದಕ್ಕೊಂದು ಹೆಸರಿದೆ ಎಂದು ತಿಳಿದದ್ದು ಎರಡು ವರ್ಷಗಳ ಹಿಂದೆ, ಬೆಂಗಳೂರಿನಲ್ಲಿ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟರನ್ನು ಕಂಡಾಗ. ನಾನು ಹೋದದ್ದು ಶಬ್ದ ತಡೆಯಲಾಗುತ್ತಿಲ್ಲ ಎಂಬ ಕಾರಣಕ್ಕೆ. ಅವರು ಬಟ್ಟೆಯ ಬಗ್ಗೆ ಕೇಳಿದರು. ಈ ಸ್ಪರ್ಶ ಸೂಕ್ಷ್ಮತೆಯನ್ನು ಅಮೆರಿಕದ ಎ. ಜೀನ್ ಏರ್ಸ್ ಎಂಬ ಥೆರಪಿಸ್ಟ್ 1960ರ ದಶಕದಲ್ಲೇ ಗುರುತಿಸಿ ಬರೆದಿದ್ದರಂತೆ. 2013ರಲ್ಲಿ ಬಂದ, ಅಮೆರಿಕದ ಮನೋವೈದ್ಯರ ಸಂಘದ ಡಿಎಸ್‌ಎಂ-5 ಕೈಪಿಡಿ ಆಟಿಸಂನ ಲಕ್ಷಣಗಳ ಸಾಲಿನಲ್ಲಿ ಇಂಥ ಸಂವೇದನಾ ವ್ಯತ್ಯಾಸಗಳನ್ನೂ ಸೇರಿಸಿತು. ಆಟಿಸಂ ಇಲ್ಲದವರಲ್ಲೂ ಇದು ಕಾಣಿಸುತ್ತದೆ. ಅಂದು ಅವರು ಹೇಳಿದ ಒಂದು ಮಾತು ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ: ಇಂಥ ಹಲವರಿಗೆ ಹಗುರವಾಗಿ ತಾಗಿ ಸರಿಯುವ ಸ್ಪರ್ಶ ಹಿಂಸೆ, ಗಟ್ಟಿಯಾಗಿ ಒತ್ತಿ ನಿಲ್ಲುವ ಸ್ಪರ್ಶ ಸಮಾಧಾನ. ಮನೆಗೆ ಬಂದು ಮೊದಲಿನಂತೆಯೇ ಸಡಿಲವಾದದ್ದನ್ನೇ ಹುಡುಕಿಕೊಂಡಿದ್ದೆ.

ಮಲೆನಾಡಿನ ಮಳೆ ಈ ಕಷ್ಟಕ್ಕೆ ತನ್ನದೂ ಒಂದು ಪಾಲು ಸೇರಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಫೋಮ್ ತುಂಬಿದ ಕಪ್‌ಗಳು ನೀರು ಕುಡಿದು ಕುಳಿತರೆ ಐದನೆಯ ದಿನಕ್ಕೂ ಒಳಗಡೆ ತಣ್ಣಗೇ ಇರುತ್ತದೆ. ಅದನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಬಿಸಿಗೆ ಎಲಾಸ್ಟಿಕ್ ಬೇಗ ಸೊರಗುತ್ತದೆ, ಹೊಗೆಯ ವಾಸನೆ ಬೇರೆ. ಇನ್ನು ನಮ್ಮಲ್ಲಿ ಬ್ರಾವನ್ನು ಯಾರೂ ಹಾಗೆಯೇ ಹರವುವುದಿಲ್ಲ, ಟವೆಲ್ಲಿನ ಕೆಳಗೋ ಲಂಗದ ಕೆಳಗೋ ಅಡಗಿಸುತ್ತೇವೆ. ಮೊದಲೇ ಗಾಳಿಯಿಲ್ಲ, ಅದರ ಮೇಲೆ ಇನ್ನೊಂದು ಒದ್ದೆ ಬಟ್ಟೆ. ಬೂಸಲು ಹಿಡಿದ, ಅರೆ ಒಣಗಿದ ಎಲಾಸ್ಟಿಕ್ಕನ್ನು ಬೆಳಗಿನ ಚಳಿಯಲ್ಲಿ ಬರಿಮೈಗೆ ಸುತ್ತಿಕೊಳ್ಳುವ ಆ ಗಳಿಗೆಯ ಭಯಕ್ಕೆ ನಾನು ಎಷ್ಟೋ ದಿನ ತಡವಾಗಿ ಎದ್ದಿದ್ದೇನೆ. ಮಡಿಮೈಲಿಗೆಯ ಮನೆಯೂ ಅಲ್ಲ ನಮ್ಮದು, ಬೈಯುವ ಗಂಡಸರೂ ಇಲ್ಲ. ಆದರೂ ಅಡಗಿಸುತ್ತಿದ್ದೆವು. ಕಳೆದ ವರ್ಷದಿಂದ ನಾನು ಒಳಕೋಣೆಯ ಫ್ಯಾನಿನ ಕೆಳಗೆ ಒಂದು ಹಗ್ಗ ಕಟ್ಟಿ, ಒದ್ದೆ ಬ್ರಾವನ್ನು ಒಣ ಟವೆಲ್ಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ಬಿಡಿಯಾಗಿ ಹರವುತ್ತಿದ್ದೇನೆ. ಅತ್ತೆ ನೋಡಿದರು, ಏನೂ ಹೇಳಲಿಲ್ಲ. ಮರುವಾರ ಅವರದೂ ಅಲ್ಲಿಗೆ ಬಂತು.

ಬಸ್ಸು ಮಂಡಗದ್ದೆ ದಾಟುವಾಗ ತುಂಗೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಸಕ್ರೆಬೈಲು, ಗಾಜನೂರು ಕಳೆದು ಶಿವಮೊಗ್ಗ ತಲುಪುವಷ್ಟರಲ್ಲಿ ಎರಡು ಗಂಟೆ ಮೀರಿತ್ತು.

ಮೊದಲು ಹೋದದ್ದು ಗಾಂಧಿ ಬಜಾರಿನ ಒಂದು ಅಂಗಡಿಗೆ. ಕೌಂಟರಿನಲ್ಲಿದ್ದ ಗಂಡಸು ನನ್ನನ್ನೊಮ್ಮೆ ನೋಡಿ, ಕೇಳದೆಯೇ ಮೂವತ್ತೆಂಟರ ಪೆಟ್ಟಿಗೆಗಳನ್ನು ಕೆಳಗಿಳಿಸಿದರು. ಬಟ್ಟೆ ಮುಟ್ಟಿ ನೋಡಬೇಕು ಎಂದೆ. "ಒಳ ಉಡುಪು ಬಿಚ್ಚಿದರೆ ವಾಪಸಿಲ್ಲ" ಎಂಬ ಚೀಟಿಯತ್ತ ಕೈ ತೋರಿಸಿದರು. ನೆಹರೂ ರಸ್ತೆಯ ದೊಡ್ಡ ಮಳಿಗೆಯಲ್ಲಿ ಹಾಕಿ ನೋಡಲು ಕೋಣೆಯಿತ್ತು. ಜೊತೆಗೆ ಸುಗಂಧದ ಸಿಂಪಡಣೆ, ಜೋರು ಹಾಡು, ಕಣ್ಣು ಕುಕ್ಕುವ ದೀಪ. "ಈಗ ಓಡುತ್ತಿರುವುದು ಇದೇ ಮೇಡಂ" ಎಂದು ಹುಡುಗಿ ತಂದದ್ದೆಲ್ಲ ವೈರ್ ಇದ್ದದ್ದು, ದಪ್ಪ ಕಪ್‌ನದು. ಎರಡನೆಯದನ್ನು ಹಾಕಿಕೊಳ್ಳುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾವ ಬಟ್ಟೆಯೂ ಸರಿಯೆನಿಸುವುದಿಲ್ಲ. ಹೊರಗೆ ಬಂದು, ಕೊಡೆ ಬಿಚ್ಚಿ, ಒಂದು ಲೋಟ ಕಾಫಿ ಕುಡಿದೆ. ಹಿಂದಿರುಗಿ ಹೋಗಿಬಿಡಬೇಕೆನಿಸಿತು.

ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ಹೆಂಗಸರೇ ನಡೆಸುವ ಪುಟ್ಟ ಅಂಗಡಿಯಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅಲ್ಲಿ ಅರವತ್ತು ದಾಟಿದ ಒಬ್ಬರು ಕುಳಿತಿದ್ದರು. ನಾನು ಚೀಲದಿಂದ ಹಳೆಯದನ್ನು ತೆಗೆದು, ಇಂಥದ್ದೇ ಬೇಕು, ಮೂವತ್ತೆಂಟು ಬಿ, ನನಗೆ ಹೊಲಿಗೆ ತಾಗಿದರೆ ಆಗುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಅದನ್ನು ಒಳಹೊರಗು ಮಾಡಿ ನೋಡಿದರು.

"ಇದು ಬೆನ್ನಿನ ಮೇಲೆ ಮೇಲಕ್ಕೇರುತ್ತಿತ್ತೇ ಅಮ್ಮ?"

"ಏರುತ್ತದೆ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ."

"ಭುಜ ಉರಿಯುತ್ತದೆಯೇ?"

ಭುಜದ ಮೇಲಿನ ಬಟ್ಟೆಯನ್ನು ಕುತ್ತಿಗೆಯ ಪಕ್ಕಕ್ಕೆ ಸರಿಸಿ ತೋರಿಸಿದೆ. ಪಟ್ಟಿ ಕೊರೆದ ಗುರುತು ಎರಡೂ ಕಡೆ ಇದೆ.

ಪರದೆಯ ಹಿಂದೆ ಕರೆದುಕೊಂಡು ಹೋಗಿ ಟೇಪು ಹಿಡಿದರು. ಮುಟ್ಟುವ ಮೊದಲು "ಕೈ ತಣ್ಣಗಿದೆ" ಎಂದು ಹೇಳಿದ್ದಕ್ಕೆ ನಾನು ಈಗಲೂ ಅವರಿಗೆ ಋಣಿ. ಎದೆಯ ಕೆಳಗೆ, ಉಸಿರು ಬಿಟ್ಟಾಗ, ಬಿಗಿಯಾಗಿ ಹಿಡಿದ ಅಳತೆ ಮೂವತ್ತಮೂರು. ಎದೆಯ ಸುತ್ತ ಮೂವತ್ತೆಂಟು. ಮೂವತ್ತಮೂರಕ್ಕೆ ಹತ್ತಿರದ ಬ್ಯಾಂಡ್, ಅಂದರೆ ಎದೆಯ ಕೆಳಗೆ ಸುತ್ತುವ ಪಟ್ಟಿ, ಮೂವತ್ತನಾಲ್ಕು. ಎದೆಯ ಅಳತೆಯಲ್ಲಿ ಅದನ್ನು ಕಳೆದರೆ ಉಳಿಯುವುದು ನಾಲ್ಕು ಇಂಚು. ಕಪ್‌ನ ಅಕ್ಷರ ಈ ಅಂತರದಿಂದ ಬರುತ್ತದೆ: ಒಂದು ಇಂಚಿಗೆ ಎ, ಎರಡಕ್ಕೆ ಬಿ, ಮೂರಕ್ಕೆ ಸಿ, ನಾಲ್ಕಕ್ಕೆ ಡಿ. ನಾನು ಮೂವತ್ತನಾಲ್ಕು ಡಿ. ಇಷ್ಟು ವರ್ಷ ಮೂವತ್ತೆಂಟು ಬಿ ಹೇಗೆ ಹಿಡಿಸಿತು ಎಂದರೆ, ಎರಡರ ಕಪ್‌ನ ಗಾತ್ರ ಒಂದೇ. ಬ್ಯಾಂಡ್ ಒಂದು ಹೆಜ್ಜೆ ಕಡಿಮೆಯಾದರೆ ಅಕ್ಷರ ಒಂದು ಹೆಜ್ಜೆ ಮುಂದೆ: ಮೂವತ್ತೆಂಟು ಬಿ, ಮೂವತ್ತಾರು ಸಿ, ಮೂವತ್ತನಾಲ್ಕು ಡಿ. ಕಪ್ ಸರಿಯಿತ್ತು, ಬ್ಯಾಂಡ್ ನಾಲ್ಕು ಇಂಚು ಸಡಿಲವಿತ್ತು. ಎದೆಯ ಭಾರವನ್ನು ಹೊರಬೇಕಾದದ್ದು ಮುಖ್ಯವಾಗಿ ಕೆಳಗಿನ ಬ್ಯಾಂಡ್. ಅದು ಸಡಿಲವಾಗಿ ಮೇಲೇರಿದರೆ ಭಾರವೆಲ್ಲ ಭುಜದ ಪಟ್ಟಿಗೆ ಜೋತುಬೀಳುತ್ತದೆ.

"ಬಿಗಿ ನನಗೆ ಆಗುವುದಿಲ್ಲ" ಎಂದೆ, ಹೆದರಿ.

"ಬಿಗಿ ಬೇರೆ, ಹಿಡಿತ ಬೇರೆ. ಕೆಳಗೆ ಎರಡು ಬೆರಳು ತೂರಬೇಕು. ಕೊನೆಯ ಹುಕ್ಕಿಗೆ ಹಾಕಿ. ಎಲಾಸ್ಟಿಕ್ ಸಡಿಲವಾದ ಹಾಗೆ ಒಳಗಿನ ಹುಕ್ಕಿಗೆ ಬನ್ನಿ. ಈಗಲೇ ಒಳಗಿನದಕ್ಕೆ ಹಾಕಿದರೆ ಆಮೇಲೆ ಹೋಗಲು ಜಾಗವಿಲ್ಲ."

ಹಾಕಿಕೊಂಡೆ. ಕೈ ಎತ್ತಿದೆ, ಬಗ್ಗಿದೆ, ಬೆಂಚಿನ ಮೇಲೆ ಕುಳಿತೆ. ಬ್ಯಾಂಡ್ ಅಲ್ಲೇ ಇತ್ತು. ಥೆರಪಿಸ್ಟರ ಮಾತು ಆಗ ನೆನಪಾಯಿತು. ನಾನು ಇಷ್ಟು ವರ್ಷ ಬಿಗಿಗೆ ಹೆದರಿ ಸಡಿಲವಾದದ್ದನ್ನು ಆರಿಸಿಕೊಂಡಿದ್ದೆ, ಸಡಿಲವಾದದ್ದು ದಿನಕ್ಕೆ ನೂರಾರು ಸಲ ಮೇಲೆ ಕೆಳಗೆ ಸರಿದು ಮೈಯನ್ನು ಸವರುತ್ತಿತ್ತು. ನನ್ನನ್ನು ಕಾಡುತ್ತಿದ್ದದ್ದು ಆ ಸವರುವಿಕೆ. ಅಲುಗಾಡದೆ ಒತ್ತಿ ನಿಂತದ್ದನ್ನು ನನ್ನ ಚರ್ಮ ಸ್ವಲ್ಪ ಹೊತ್ತು ನೋಡಿ ಸುಮ್ಮನಾಯಿತು.

ಆಮೇಲೆ ಬಟ್ಟೆಯ ಪರೀಕ್ಷೆ. ಬೆರಳಿನಿಂದ ಮುಟ್ಟಿ ಕೊಂಡು ನಾನು ಎಷ್ಟೋ ಸಲ ಮೋಸ ಹೋಗಿದ್ದೇನೆ. ಸೀಮೆಸುಣ್ಣ ಹಿಡಿದು, ಪಾತ್ರೆ ತಿಕ್ಕಿ ಒರಟಾದ ಬೆರಳಿಗೆ ಎಲ್ಲವೂ ಮೆತ್ತಗೇ. ಮುಂಗೈಯ ಒಳಬದಿಗೆ, ಕತ್ತಿನ ಪಕ್ಕಕ್ಕೆ ಉಜ್ಜಿ ನೋಡಬೇಕು. ಬ್ರಾವನ್ನು ಒಳಹೊರಗು ಮಾಡಿ, ಕಪ್‌ನ ನಡುವೆ ಹಾಯುವ ಹೊಲಿಗೆ ಎಷ್ಟು, ಹುಕ್ಕಿನ ಪಟ್ಟಿಯ ಅಂಚು ಮಡಚಿದೆಯೇ ಅಥವಾ ಕರಗಿಸಿ ಕತ್ತರಿಸಿದೆಯೇ, ನಡುವಿನ ಹೂವಿನ ದಾರದ ಗಂಟು ಎಲ್ಲಿ ಕೂರುತ್ತದೆ ಎಂದು ನೋಡಬೇಕು. ಆ ಅಮ್ಮ ಆತುರಪಡಿಸಲಿಲ್ಲ. ಮೂರು ತೆಗೆದುಕೊಂಡೆ: ಎರಡು ಸಾದಾ ಹತ್ತಿಯವು, ಫೋಮ್ ಇಲ್ಲದ್ದು, ಮಳೆಗಾಲಕ್ಕೆ ಬೇಗ ಒಣಗಲೆಂದು, ಒಂದು ಹೊಲಿಗೆಯೇ ಇಲ್ಲದೆ ಅಂಟಿಸಿದ್ದು. ಅಂಟಿಸಿದ್ದು ಮನೆಯಲ್ಲಿ ಒಂದು ಗಂಟೆಯೂ ತಡೆಯಲಿಲ್ಲ, ಬೆವರಿಗೆ ಮೈಗೆ ಮೆತ್ತಿಕೊಂಡಿತು. ಅತ್ತಿಗೆಗೆ ಕೊಟ್ಟೆ.

ಹಿಂದಿರುಗುವ ಬಸ್ಸಿನಲ್ಲಿ ಅಜ್ಜಿ ನೆನಪಾದರು. ಅವರು ಕೊನೆಯವರೆಗೂ ಬ್ರಾ ತೊಟ್ಟವರಲ್ಲ. ತೆಳು ಹತ್ತಿಯ ಕುಪ್ಪಸ, ಎದೆಯ ಕೆಳಗೆ ಎರಡು ತುದಿಗಳನ್ನು ಎಳೆದು ಬಿಗಿದ ಗಂಟು. ಆ ಗಂಟನ್ನು ಅವರು ಹೊತ್ತಿಗೊಂದು ಹದದಲ್ಲಿ ಹಾಕುತ್ತಿದ್ದರು, ತೋಟಕ್ಕೆ ಹೋಗುವಾಗ ಬಿಗಿ, ಮಧ್ಯಾಹ್ನ ಮಲಗುವಾಗ ಸಡಿಲ. ಕೆಳಗಿನಿಂದ ಎತ್ತಿ ಹಿಡಿಯುವುದು, ಮೈ ಕೇಳಿದಷ್ಟೇ ಬಿಗಿಯುವುದು.

ಹತ್ತಿಯ ಎರಡಕ್ಕೂ ಹುಕ್ಕಿನ ಹಿಂಬದಿ ಮಾತ್ರ ಒರಟಾಗಿತ್ತು. ಭಾನುವಾರ ನಮ್ಮೂರಿನ ಹೊಲಿಗೆಯ ಅಕ್ಕನ ಬಳಿ ಹೋದೆ. ಹಳೆಯ ಸೀರೆಯ ತುಂಡು ಒಯ್ದಿದ್ದೆ, ಒಳಗೆ ಪಟ್ಟಿ ಕೊಡಲೆಂದು. "ಎಲಾಸ್ಟಿಕ್ಕಿಗೆ ಸಾದಾ ಬಟ್ಟೆ ಕೂರಿಸಿದರೆ ಹಿಗ್ಗುವುದಿಲ್ಲ ಟೀಚರೇ, ಹಳೆಯ ಬನಿಯನ್ ತನ್ನಿ" ಎಂದರು. ಅಪ್ಪನ ಬನಿಯನ್ನಿನಿಂದ ಎರಡು ಇಂಚಿನ ಪಟ್ಟಿ ಕತ್ತರಿಸಿ, ಎಲಾಸ್ಟಿಕ್ಕನ್ನು ಎಳೆದು ಹಿಡಿದು, ಮೆಷಿನ್ ಬಿಟ್ಟು ಸಡಿಲವಾದ ಕೈಹೊಲಿಗೆ ಹಾಕಿದರು. ಮೆಷಿನ್ನಿನ ನೇರ ಹೊಲಿಗೆ ಎಳೆದಾಗ ಪಟಕ್ಕನೆ ಕಿತ್ತುಹೋಗುತ್ತದಂತೆ. ದಾರದ ಗಂಟುಗಳನ್ನೆಲ್ಲ ಹೊರಗಡೆಗೆ ತೆಗೆದುಕೊಂಡರು. ಲೇಬಲ್ಲನ್ನು ಕತ್ತರಿಸದೆ, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಡಿಸಿ ಬೇರುಸಹಿತ ತೆಗೆದರು. ಕತ್ತರಿಸಿದರೆ ಉಳಿಯುವ ಮೋಟು, ಲೇಬಲ್ಲಿಗಿಂತ ಹೆಚ್ಚು ಚುಚ್ಚುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ.

ಕೆಲಸ ಮುಗಿಸಿ ಅವರು ಬ್ರಾದ ಮೇಲಿನ ಸಂಖ್ಯೆ ನೋಡಿದರು, ನನ್ನನ್ನು ನೋಡಿದರು. "ಮೂವತ್ತನಾಲ್ಕೇ?" ಎಂದು ಕೇಳಿದರು. ದುರ್ಗಿಗುಡಿಯ ಅಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ರವಿಕೆಯ ಕತ್ತನ್ನು ಪಕ್ಕಕ್ಕೆ ಸರಿಸಿದರು. ನನ್ನ ಭುಜದ ಮೇಲಿದ್ದಂಥದೇ ಕೊರೆತ, ನನ್ನದಕ್ಕಿಂತ ಆಳ. ಊರಿನ ಅರ್ಧ ಹೆಂಗಸರ ಎದೆಯಳತೆ ಬರೆದಿಟ್ಟ ಪುಸ್ತಕ ಅವರ ಮೇಜಿನ ಮೇಲಿದೆ, ಅವರದನ್ನು ಯಾರೂ ತೆಗೆದಿರಲಿಲ್ಲ. ಬಾಗಿಲು ಮುಂದೆ ಮಾಡಿ, ಅವರ ಕತ್ತಿನಲ್ಲಿದ್ದ ಟೇಪನ್ನೇ ಕೇಳಿ ತೆಗೆದುಕೊಂಡೆ. "ಕೈ ತಣ್ಣಗಿದೆ ಅಕ್ಕ" ಎಂದೆ. ಉಸಿರು ಬಿಟ್ಟರು. ಮೂವತ್ತಾರು. ಪುಸ್ತಕದ ಹೊಸ ಪುಟ ತಿರುವಿ, ಮೇಲೆ ಹೆಸರು ಬರೆಯದೆ, ಅಷ್ಟನ್ನೇ ಬರೆದುಕೊಂಡರು.