ಮೊನೆಯ ಥೇಮ್ಸ್ ಮುಂದೆ ಅರ್ಧ ಗಂಟೆ

ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋದವರು ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಯ ‘ದ ಥೇಮ್ಸ್ ಬಿಲೋ ವೆಸ್ಟ್‌ಮಿನ್‌ಸ್ಟರ್’ ಚಿತ್ರಕ್ಕೆ ಅರ್ಧ ಗಂಟೆ ಎತ್ತಿಡಬೇಕು. ಮಂಜು ಕವಿದ ಥೇಮ್ಸ್ ನದಿ, ಹಿಂದೆ ಸೇತುವೆ ಮತ್ತು ಪಾರ್ಲಿಮೆಂಟಿನ ಗೋಪುರಗಳು, ಮುಂದೆ ನೀರಿನೊಳಕ್ಕೆ ಚಾಚಿದ ಮರದ ಕಟ್ಟೆ, ಅಂದರೆ ಜೆಟ್ಟಿ. 47 ಸೆಂ.ಮೀ. ಎತ್ತರ, 73 ಸೆಂ.ಮೀ. ಅಗಲ, ಅಷ್ಟೇ. ಪಕ್ಕದಲ್ಲಿ ದೊಡ್ಡ ಚಿತ್ರಗಳಿದ್ದರೆ ಕಣ್ತಪ್ಪಿ ಹೋಗುತ್ತದೆ.

ಇದು 1871ರ ಸುಮಾರಿನದು. ಫ್ರಾನ್ಸ್-ಪ್ರಶ್ಯ ಯುದ್ಧದಲ್ಲಿ ಸೈನ್ಯಕ್ಕೆ ಸೇರಬೇಕಾದೀತೆಂದು ಮೊನೆ ಹೆಂಡತಿ ಮಗುವಿನೊಂದಿಗೆ ಲಂಡನ್ನಿಗೆ ಬಂದಿದ್ದ. ಚಿತ್ರಕಾರ ಗೆಳೆಯ ಬಾಜಿಲ್ 1870ರ ನವೆಂಬರ್‌ನಲ್ಲಿ ರಣರಂಗದಲ್ಲಿ ಸತ್ತ. ಇನ್ನೊಬ್ಬ ಗೆಳೆಯ ಪಿಸ್ಸಾರೋನ ಮನೆಗೆ ಪ್ರಶ್ಯದ ಸೈನಿಕರು ನುಗ್ಗಿ, ಅವನ ಬಹಳಷ್ಟು ಚಿತ್ರಗಳು ಹಾಳಾದವು. ಇಷ್ಟು ಓದಿಕೊಂಡು ಬಂದವರು ಮಂಜಿನಲ್ಲಿ ದುಃಖ ಹುಡುಕತೊಡಗುತ್ತಾರೆ. ಎಡವುವುದು ಅಲ್ಲೇ. ಅದು ಕಲ್ಲಿದ್ದಲ ಹೊಗೆ ಬೆರೆತ ಲಂಡನ್ನಿನ ಮಾಮೂಲಿ ಮಂಜು. ಉಳಿದದ್ದೆಲ್ಲ ಹೊಚ್ಚ ಹೊಸದು: ಬಲಗಡೆ ನದಿದಂಡೆಗೆ ಕಟ್ಟಿದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ 1870ರಲ್ಲಿ ತೆರೆದದ್ದು, ವೆಸ್ಟ್‌ಮಿನ್‌ಸ್ಟರ್ ಸೇತುವೆ 1862ರದು, ಪಾರ್ಲಿಮೆಂಟ್ ಕಟ್ಟಡವೂ ಆಗಷ್ಟೇ ಪೂರ್ತಿಯಾದದ್ದು. ಊರು ಬಿಟ್ಟು ಬಂದವನು ಬರೆದದ್ದು ಕಟ್ಟಿ ಮುಗಿಯುತ್ತಿರುವ ಊರನ್ನು. ನನಗೆ ಇದು ಶೋಕಕ್ಕಿಂತ ಕುತೂಹಲದ ಚಿತ್ರವಾಗಿಯೇ ಕಾಣುತ್ತದೆ.

ಮೊದಲು ಎರಡು ಮೀಟರ್ ದೂರ ನಿಂತು ಕಣ್ಣು ಅರೆಮುಚ್ಚಿ. ಬಣ್ಣ ಹಿಂದೆ ಸರಿದು ಕಪ್ಪು-ಬಿಳುಪಿನ ಮಟ್ಟಗಳಷ್ಟೇ ಉಳಿಯುತ್ತವೆ. ಅತಿ ಗಾಢವಾದದ್ದು ಮುಂದಿನ ಮರದ ಜೆಟ್ಟಿ. ಹಿಂದಿನ ಗೋಪುರಗಳು ಎಷ್ಟೇ ದೊಡ್ಡದಾದರೂ ನಡು ಬೂದುಬಣ್ಣಕ್ಕಿಂತ ಕೆಳಗಿಳಿಯುವುದಿಲ್ಲ. ಮಂಜು ಹುಟ್ಟುವುದು ಈ ಅಂತರದಿಂದ. ಕಲಿಯುವವರು ಹೆಚ್ಚಾಗಿ ಕಟ್ಟಡವನ್ನು ಗಾಢವಾಗಿ ಬರೆದು ಮೇಲೆ ಬಿಳಿ ಹಚ್ಚುತ್ತಾರೆ. ಆಗ ಅದು ಸುಣ್ಣ ಬಳಿದಂತಾಗುತ್ತದೆ. ದೂರದ್ದನ್ನು ಮೊದಲೇ ತಿಳಿಯಾಗಿ ಕಲಸಿಕೊಳ್ಳಬೇಕು.

ಈಗ ಒಂದು ಕಣ್ಣು ಮುಚ್ಚಿ, ಅಂಗೈ ಚಾಚಿ ಜೆಟ್ಟಿಯನ್ನು ಮರೆಮಾಡಿ. ಚಿತ್ರ ತಟಕ್ಕನೆ ಚಪ್ಪಟೆಯಾಗುತ್ತದೆ, ಸೇತುವೆ ಎಷ್ಟು ದೂರವಿದೆಯೆಂದೇ ತಿಳಿಯದು. ಕೈ ತೆಗೆದರೆ ಆಳ ಮರಳುತ್ತದೆ. ಜೆಟ್ಟಿಯ ಕಂಬಗಳು ನೆಟ್ಟಗೆ ನಿಂತಿವೆ, ನೀರಿನ ಗೀಟುಗಳು ಅಡ್ಡಡ್ಡ. ಇವೆರಡರ ಎಳೆದಾಟದಲ್ಲೇ ನದಿ ಹರಿಯುತ್ತದೆ.

ಆಮೇಲೆ ಹತ್ತಿರ ಹೋಗಿ, ಕಾವಲಿನವರು ಗದರದಷ್ಟು. ಜೆಟ್ಟಿಯನ್ನು ಬಿಚ್ಚುತ್ತಿರುವ ಕೆಲಸಗಾರರು ಇಲ್ಲಿ ಬರೀ ಕುಂಚದ ತುಂಡು ಗೀಟುಗಳು. ಮುಖವಿಲ್ಲ, ಕೈಯಿಲ್ಲ, ಬೆನ್ನಿನ ಬಾಗು ಮಾತ್ರ ಸರಿಯಾಗಿದೆ, ಅಷ್ಟು ಸಾಕು. ಕಂಬಗಳ ನೆರಳೂ ನೀರಿನಲ್ಲಿ ಇಡಿಯಾಗಿಲ್ಲ, ಅಡ್ಡ ಗೀಟುಗಳಾಗಿ ಒಡೆದಿದೆ. ನೆರಳನ್ನು ಉದ್ದಕ್ಕೆ ಎಳೆದಿದ್ದರೆ ನೀರು ಗಾಜಿನ ಹಾಳೆಯಾಗುತ್ತಿತ್ತು. ಫೋನಿನಲ್ಲಿ ಈ ಗೀಟುಗಳು ಒಂದರೊಳಗೊಂದು ಕರಗಿಹೋಗುತ್ತವೆ, ಆ ಫೋಟೋ ನಂಬಬೇಡಿ.

ಗ್ಯಾಲರಿಯಿಂದ ನದಿಗೆ ಹತ್ತು ನಿಮಿಷದ ನಡಿಗೆ. ಹಂಗರ್‌ಫರ್ಡ್ ಸೇತುವೆಯ ಬಳಿ ಎಂಬ್ಯಾಂಕ್‌ಮೆಂಟ್ ಮೇಲೆ ನಿಂತು ತೆಂಕಣಕ್ಕೆ ತಿರುಗಿದರೆ ಚಿತ್ರದ ಸೇತುವೆ, ಗೋಪುರ ಎಲ್ಲ ಸಿಗುತ್ತವೆ. ಆ ಜೆಟ್ಟಿ ಮಾತ್ರ ಇಲ್ಲ. ಅಲ್ಲಿ ಫೋಟೋ ತೆಗೆಯುವವರು ಮುಂಭಾಗಕ್ಕೆ ಒಂದು ದೋಣಿಯನ್ನೋ ದೀಪದ ಕಂಬವನ್ನೋ ಸೇರಿಸಿಕೊಳ್ಳುವುದು ಒಳ್ಳೆಯದು.