ಕಡ್ಡಿ ಎಲ್ಲಿಂದ ಬಂತು

ಮೈದಾಳ ಕೆರೆಯ ಹತ್ತಿರ ಕಳೆದ ಫೆಬ್ರುವರಿಯಲ್ಲಿ ತೆಗೆದ ಸಣ್ಣ ಕಳ್ಳಿಪೀರದ ಚಿತ್ರವೊಂದನ್ನು ಹದಿನೆಂಟು ಇಂಚು ಅಗಲಕ್ಕೆ ಮುದ್ರಿಸಿ, ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ತೂಗುಹಾಕಿದ ದಿನ ಅಮ್ಮ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. "ಹಕ್ಕಿ ಲಕ್ಷಣವಾಗೈತೆ ಕಣಪ್ಪ, ಆದ್ರೆ ಕರೆಂಟ್ ತಂತಿ ಮೇಲೆ ಯಾಕೆ ಕುಂತೈತೆ?" ಎಂದರು. ಅದು ತಂತಿಯಾಗಿರಲಿಲ್ಲ, ತಂಗಡಿ ಗಿಡದ ಒಣ ರೆಂಬೆಯಾಗಿತ್ತು. ಮೂಲ ಚಿತ್ರದಲ್ಲಿ ಆ ರೆಂಬೆ ಎಡಗಡೆಯ ಕೆಳಭಾಗದಿಂದ ಏರಿ ಬಂದು, ನಡುವೆ ಕವಲೊಡೆದು, ಕವಲಿನಲ್ಲಿ ಚಪ್ಪಟೆಯಾದ ನಾಲ್ಕೈದು ಕಂದು ಕಾಯಿಗಳನ್ನು ಇಳಿಬಿಟ್ಟುಕೊಂಡು, ತುದಿಯಲ್ಲಿ ಮಾತ್ರ ಅಡ್ಡವಾಗಿ ಚಾಚಿತ್ತು. ಹಕ್ಕಿ ದೊಡ್ಡದಾಗಿ ಕಾಣಲಿ ಎಂಬ ಆಸೆಯಿಂದ ನಾನು ಆ ಅಡ್ಡ ತುಂಡನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕ್ರಾಪ್ ಮಾಡಿಬಿಟ್ಟಿದ್ದೆ. ಎರಡೂ ಕಡೆ ಅಂಚಿಗೆ ತಾಗಿ ನಿಂತ ನೇರವಾದ ಕಡ್ಡಿಯನ್ನು ಯಾರಾದರೂ ತಂತಿ ಎಂದೇ ತಿಳಿಯುತ್ತಾರೆ.

ಅದಕ್ಕಿಂತ ಮುಜುಗರದ ಸಂಗತಿಯನ್ನು ಅಮ್ಮ ಗಮನಿಸಿರಲಿಲ್ಲ. ನನ್ನ ಕ್ಯಾಮೆರಾ ಕೊಡುವ ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರದ್ದು. ಕ್ರಾಪ್ ಮಾಡಿದ ಮೇಲೆ ಉಳಿದ ಅಗಲ 1800. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕೆನ್ನುವ ಲೆಕ್ಕದಲ್ಲಿ ಅದು ಆರು ಇಂಚಿಗೆ ಸರಿಯಾಗುವ ಸರಕು. ಅದನ್ನು ನಾನು ಹದಿನೆಂಟಕ್ಕೆ ಎಳೆದಿದ್ದೆ. ಮುದ್ರಿಸಿಕೊಟ್ಟವರು ಮೊದಲೇ ಎಚ್ಚರಿಸಿದ್ದರು, ಕೇಳಲಿಲ್ಲ. ಹತ್ತಿರ ಹೋದರೆ ಕತ್ತಿನ ಕೆಳಗಿನ ಕಪ್ಪು ಗೆರೆಯ ಅಂಚು ನೆಂದ ಅವಲಕ್ಕಿಯಂತೆ ಮೆತ್ತಗಾಗಿರುವುದು ಕಾಣುತ್ತದೆ. ಅಗಲವನ್ನು ಅರ್ಧಕ್ಕೆ ಇಳಿಸಿದರೆ ಒಟ್ಟು ಪಿಕ್ಸೆಲ್‌ಗಳಲ್ಲಿ ಉಳಿಯುವುದು ಅರ್ಧವಲ್ಲ, ಕಾಲುಭಾಗ. ಮೂರನೆಯ ಒಂದಕ್ಕೆ ಇಳಿಸಿದರೆ ಒಂಬತ್ತರಲ್ಲಿ ಒಂದು ಪಾಲು. ಈ ಗುಣಾಕಾರ ಶಾಲೆಯ ಮಕ್ಕಳಿಗೂ ಗೊತ್ತು, ಆದರೆ ಪರದೆಯ ಮುಂದೆ ಕುಳಿತಾಗ ನನಗೆ ನೆನಪಾಗುವುದಿಲ್ಲ.

ಸಣ್ಣ ಹಕ್ಕಿಗಳ ವಿಷಯದಲ್ಲಿ ಕ್ರಾಪ್ ಮಾಡದೆ ವಿಧಿಯಿಲ್ಲ ಎಂಬುದೂ ನಿಜ. ಟುವ್ವಿ ಹಕ್ಕಿಯ ಉದ್ದ ಸುಮಾರು 13 ಸೆಂಟಿಮೀಟರ್. ಹತ್ತು ಮೀಟರ್ ದೂರದಿಂದ 400 ಮಿಲಿಮೀಟರ್ ಲೆನ್ಸಿನಲ್ಲಿ ತೆಗೆದರೆ ಅದು ನನ್ನ ಕ್ಯಾಮೆರಾದ 6000 ಪಿಕ್ಸೆಲ್ ಅಗಲದಲ್ಲಿ 1400ರಷ್ಟನ್ನೂ ತುಂಬುವುದಿಲ್ಲ. ಇನ್ನೂ ಹತ್ತಿರ ಹೋಗೋಣವೆಂದರೆ ಅದು ಪೊದೆಯೊಳಗೆ ನುಸುಳುತ್ತದೆ. ಜೊತೆಗೆ ಆತುರದಲ್ಲಿ ನಡುವಿನ ಫೋಕಸ್ ಬಿಂದುವನ್ನೇ ಹಕ್ಕಿಯ ಕಣ್ಣಿಗೆ ಇಟ್ಟು ಒತ್ತುವುದರಿಂದ ಹಕ್ಕಿ ಯಾವಾಗಲೂ ನಟ್ಟನಡುವೆ ಬಂದು ಕೂರುತ್ತದೆ. ಹಾಗಾಗಿ ಕ್ರಾಪ್ ಮಾಡುವುದು ತಪ್ಪಲ್ಲ. ಹಕ್ಕಿಯನ್ನು ಅಳತೆಗೋಲಾಗಿಟ್ಟುಕೊಂಡು ನಾಲ್ಕೂ ಕಡೆ ಒಂದೇ ಸಮನಾಗಿ ಸವರುವುದು ತಪ್ಪು. ನಾನೀಗ ಮೊದಲು ನೋಡುವುದು ಹಕ್ಕಿಯನ್ನಲ್ಲ, ಕಡ್ಡಿಯನ್ನು: ಅದು ಎಲ್ಲಿಂದ ಒಳಗೆ ಬಂತು, ಎಲ್ಲಿಗೆ ಹೋಗಿ ಮುಗಿಯಿತು.

ಕಡ್ಡಿ ಒಂದು ಬದಿಯಿಂದ ಒಳಬಂದು ಚಿತ್ರದೊಳಗೇ ತುದಿ ಮುಗಿಸಿದರೆ ಅದರ ಹಿಂದೆ ಒಂದು ಗಿಡವಿದೆ ಎಂದು ಕಣ್ಣು ತಾನಾಗಿ ಊಹಿಸಿಕೊಳ್ಳುತ್ತದೆ. ಕಡ್ಡಿ ಕರಾರುವಾಕ್ಕಾಗಿ ಮೂಲೆಯಿಂದಲೇ ಹೊರಟರೆ ಅದನ್ನು ಯಾರೋ ಅಂಟಿಸಿದಂತೆ ತೋರುತ್ತದೆ, ಆದ್ದರಿಂದ ಮೂಲೆಯಿಂದ ಒಂದಿಷ್ಟು ಮೇಲೆ ಅಥವಾ ಪಕ್ಕಕ್ಕೆ ಸರಿಸುವುದು ವಾಸಿ. ಕವಲೊಡೆಯುವ ಗೆಣ್ಣಿನ ಮೇಲೆ ಅಂಚು ಬೀಳಬಾರದು. ಒಂದೋ ಕವಲು ಪೂರ್ತಿ ಒಳಗಿರಬೇಕು, ಇಲ್ಲವೇ ಪೂರ್ತಿ ಹೊರಗೆ. ಹೂವನ್ನೂ ಕಾಯನ್ನೂ ಅರ್ಧಕ್ಕೆ ಸೀಳುವುದಂತೂ ಸಲ್ಲದು. ಹಕ್ಕಿ ನೇರವಾದ ಕಡ್ಡಿಯ ತುದಿಯಲ್ಲಿ ಕೂತಿದ್ದಾಗ ನಾನು ನಿಲುವು ಚಿತ್ರವನ್ನೇ ಆರಿಸಿಕೊಂಡು, ಕೆಳಗಿನ ಕಡ್ಡಿಯನ್ನು ಹಕ್ಕಿಯ ಉದ್ದಕ್ಕಿಂತ ಹೆಚ್ಚಾಗಿಯೇ ಉಳಿಸುತ್ತೇನೆ, ಇಲ್ಲದಿದ್ದರೆ ಅದು ಕಡ್ಡಿಗೆ ಸಿಕ್ಕಿಸಿದ ಬೊಂಬೆಯಂತಾಗುತ್ತದೆ.

ಹಕ್ಕಿ ನೋಡುವ ದಿಕ್ಕಿನಲ್ಲಿ ಹೆಚ್ಚು ಜಾಗ ಬಿಡಬೇಕೆಂಬುದು ಎಲ್ಲರೂ ಹೇಳುವ ಮಾತು. ಆದರೆ ಹಕ್ಕಿ ಬಲಕ್ಕೆ ನೋಡುತ್ತ ರೆಂಬೆ ಎಡಕ್ಕೆ ಹೂಬಿಟ್ಟು ಚಾಚಿದ್ದರೆ ಏನು ಮಾಡಬೇಕು? ಅಂಥ ಕಡೆ ನಾನು, ಚೌಕಟ್ಟನ್ನು ಮೂರು ಪಾಲು ಮಾಡಿ ಆ ಗೆರೆಗಳ ಮೇಲೆ ಹಕ್ಕಿಯನ್ನು ಕೂರಿಸಬೇಕೆನ್ನುವ ಮೂರನೆಯ ಒಂದು ಭಾಗದ ಸೂತ್ರವನ್ನು ಬದಿಗಿಟ್ಟು, ಹಕ್ಕಿಯನ್ನು ಹೆಚ್ಚುಕಡಿಮೆ ನಡುವೆಯೇ ಬಿಟ್ಟುಬಿಡುತ್ತೇನೆ. ನೋಟವೊಂದು ಕಡೆ, ಗಿಡವೊಂದು ಕಡೆ, ತಕ್ಕಡಿ ಸಮವಾಗುತ್ತದೆ. ಇದಕ್ಕೆ ಒಪ್ಪದ ಸ್ನೇಹಿತರಿದ್ದಾರೆ. ಅವರ ಚಿತ್ರಗಳಲ್ಲಿ ಹಕ್ಕಿ ಯಾವಾಗಲೂ ಒಂದೇ ಬಿಂದುವಿನಲ್ಲಿ ಕೂತಿರುವುದನ್ನು ನೋಡಿ ನೋಡಿ ನನಗೆ ಬೇಸರ ಬಂದಿದೆ.

ಕ್ರಾಪ್ ಮಾಡುವಾಗಿನ ಚಿಂತೆಯಲ್ಲಿ ಅರ್ಧದಷ್ಟನ್ನು ಸ್ಥಳದಲ್ಲೇ ಕಳೆದುಕೊಳ್ಳಲು ಕಳ್ಳಿಪೀರ ಒಳ್ಳೆಯ ಗುರು. ಅದು ಹಾರಿಹೋಗಿ ಜೇನ್ನೊಣವನ್ನು ಹಿಡಿದು ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ, ನೊಣವನ್ನು ಕಡ್ಡಿಗೆ ಬಡಿದು ಉಜ್ಜಿ ಕೊಂಡಿಯನ್ನು ತೆಗೆದು ನುಂಗುತ್ತದೆ. ಆದ್ದರಿಂದ ಹಕ್ಕಿ ಇಲ್ಲದ ಹೊತ್ತಿನಲ್ಲಿ ಖಾಲಿ ಕಡ್ಡಿಯನ್ನೇ ನೋಡಿಕೊಂಡು ಫ್ರೇಮ್ ಕಟ್ಟಬಹುದು. ಮೈದಾಳದ ಆ ಬೆಳಗ್ಗೆ ಮೊದಲು ನಿಂತಿದ್ದ ಜಾಗದಿಂದ ಹಕ್ಕಿಯ ತಲೆಯ ಹಿಂದೆ ಬಿಸಿಲಿಗೆ ಬೆಳ್ಳಗಾದ ಬಂಡೆಯೊಂದು ಬರುತ್ತಿತ್ತು. ಎರಡು ಹೆಜ್ಜೆ ಎಡಕ್ಕೆ ಸರಿದಾಗ ಬಂಡೆ ಹೊರಗೆ ಹೋಗಿ, ದೂರದ ಅಡಿಕೆ ತೋಟದ ನೆರಳು ಹಿನ್ನೆಲೆಗೆ ಬಂದು, ಕಡುಹಸಿರಿನ ಒಂದೇ ಹರವಾಯಿತು. ಹಿನ್ನೆಲೆ ಎಷ್ಟು ದೂರವಿದ್ದರೆ ಅಷ್ಟು ನುಣುಪು. ಆ ತಂಗಡಿ ಎದೆಯೆತ್ತರವನ್ನೂ ಮುಟ್ಟದ ಗಿಡವಾದ್ದರಿಂದ ನೆಲದಲ್ಲಿ ಕುಳಿತರೆ ಲೆನ್ಸು ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ. ನಿಂತು ತೆಗೆದರೆ ಹಿಂದೆ ನೆಲ, ಕಲ್ಲು, ಒಣಹುಲ್ಲು ಎಲ್ಲವೂ ಬಂದು ಸೇರುತ್ತವೆ, ಅದನ್ನು ಯಾವ ಕ್ರಾಪ್ ಕೂಡ ತೊಳೆಯಲಾರದು. ಆರು ಮೀಟರ್ ದೂರದಲ್ಲಿ, 400 ಮಿಲಿಮೀಟರ್ ಲೆನ್ಸು, ಬೆಳಕು ಒಳಬರುವ ಕಿಂಡಿಯ ಅಳತೆಯಾದ 5.6 ಅಪರ್ಚರ್‌ನಲ್ಲಿದ್ದಾಗ, ಸ್ಪಷ್ಟವಾಗಿ ಮೂಡುವ ಆಳ ಐದು ಸೆಂಟಿಮೀಟರಿನಷ್ಟು. ಹಕ್ಕಿ ಪಕ್ಕಕ್ಕೆ ತಿರುಗಿ ಕೂತರೆ ಕೊಕ್ಕಿನಿಂದ ಬಾಲದವರೆಗೆ ಎಲ್ಲವೂ ಹರಿತ. ನಮ್ಮತ್ತ ಮುಖಮಾಡಿದರೆ ಕಣ್ಣು ಸಿಕ್ಕು ಬಾಲ ಮಸುಕಾಗುತ್ತದೆ.

ಇನ್ನು ಕಡ್ಡಿಯನ್ನೇ ತಂದು ನೆಡುವವರ ವಿಷಯ. ಪಾಚಿ ಹಿಡಿದ ಚಂದದ ರೆಂಬೆಯನ್ನು ಕಟ್ಟಿ, ಪಕ್ಕದಲ್ಲಿ ಹಣ್ಣನ್ನೋ ಹುಳುವನ್ನೋ ಇಟ್ಟು ಹಕ್ಕಿಯನ್ನು ಕರೆಯುವ ಪದ್ಧತಿ ಈಗ ಸಾಮಾನ್ಯವಾಗಿದೆ. ಅಲ್ಲಿ ತೆಗೆದ ಚಿತ್ರಗಳಲ್ಲಿ ದೋಷ ಹುಡುಕುವುದು ಕಷ್ಟ. ನನಗೆ ಅವು ರುಚಿಸದಿರುವುದಕ್ಕೆ ಅದೂ ಒಂದು ಕಾರಣವಿರಬಹುದು. ನಮ್ಮ ಕುರುಚಲು ಕಾಡಿನ ಹಕ್ಕಿ ಲಂಟಾನದ ಮೇಲೆ, ಜಾಲಿಯ ಮುಳ್ಳಿನ ನಡುವೆ, ಹೊಲದಂಚಿನ ಬೇಲಿಗೂಟದ ಮೇಲೆ ಕೂರುತ್ತದೆ. ಅಡ್ಡಬಂದ ಎಲೆಯನ್ನು ಕೀಳುವುದೂ ಬೇಡ, ಗೂಡಿನ ಬಳಿಯಂತೂ ಖಂಡಿತ ಬೇಡ. ನಾವು ಸವರಿದ ಎಲೆಯ ಸಂದಿಯಲ್ಲಿ ಕಾಗೆಗೂ ಗೂಡು ಕಾಣುತ್ತದೆ. ಪ್ರಕೃತಿ ವಿಭಾಗದ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಚಿತ್ರದೊಳಗಿನ ಯಾವುದನ್ನೂ ಅಳಿಸುವಂತಿಲ್ಲ, ಸೇರಿಸುವಂತಿಲ್ಲ. ಬೇಡದ್ದನ್ನು ಹೊರಹಾಕಲು ಇರುವ ಒಪ್ಪಿತ ದಾರಿ ಕ್ರಾಪ್ ಒಂದೇ. ಅಡ್ಡ ಕಡ್ಡಿ ನಡುವೆ ಬಂದಿದ್ದರೆ ಬಂದಿದೆ, ಅಷ್ಟೇ.

ಕಳ್ಳಿಪೀರದ ಮೂಲ ಫೈಲು ಉಳಿದಿದ್ದರಿಂದ ಅದನ್ನು ಮತ್ತೆ ತೆರೆದು, ಈ ಸಲ ಕವಲನ್ನೂ ಕಾಯಿಗೊಂಚಲನ್ನೂ ಒಳಗೆ ಉಳಿಸಿಕೊಂಡು 4800 ಪಿಕ್ಸೆಲ್ ಅಗಲಕ್ಕೆ ನಿಲ್ಲಿಸಿದೆ. ಹಕ್ಕಿ ಮೊದಲಿಗಿಂತ ಚಿಕ್ಕದಾಗಿದೆ. ಹೊಸ ಮುದ್ರಣವನ್ನು ನೋಡಿದ ಅಮ್ಮ ಹಕ್ಕಿಯ ಸುದ್ದಿ ಎತ್ತದೆ, "ತಂಗಡಿ ಕಾಯಿ ಒಣಗೋ ಕಾಲ ಅದು" ಎಂದಷ್ಟೇ ಹೇಳಿ ಒಳಗೆ ಹೋದರು.

ದೇವರಾಯನದುರ್ಗದ ಹಳದಿ ಕೊರಳಿನ ಪಿಕಳಾರಕ್ಕೆ ಈ ಭಾಗ್ಯ ಸಿಗಲಿಲ್ಲ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಬೇರೆಲ್ಲೂ ಇರದ, ಅಳಿವಿನ ಅಂಚಿನತ್ತ ಸರಿಯುತ್ತಿರುವ ಹಕ್ಕಿ ಅದು. ಕ್ಯಾಮೆರಾ ಕೊಂಡ ಮೊದಲ ವರ್ಷವೇ ಬಂಡೆಯ ಬಿರುಕಿನಲ್ಲಿ ಬೆಳೆದ ಗಿಡದ ಮೇಲೆ ಅದು ಸಿಕ್ಕಿತ್ತು. ಆಗ ನಾನು ಹಕ್ಕಿಯ ಸುತ್ತ ಬಿಗಿಯಾಗಿ ಕ್ರಾಪ್ ಮಾಡಿ, ಅದೇ ಹೆಸರಿನಲ್ಲಿ ಉಳಿಸಿ, ಜಾಗ ಸಾಲದೆಂದು ಮೆಮೊರಿ ಕಾರ್ಡನ್ನು ಅಳಿಸಿಬಿಟ್ಟೆ. ಈಗ ನನ್ನಲ್ಲಿರುವುದು 1400 ಪಿಕ್ಸೆಲ್ ಅಗಲದ ತುಂಡು: ಹಳದಿ ಕೊರಳು, ಕಪ್ಪು ಕಣ್ಣು, ಕಾಲಿನ ಕೆಳಗೆ ಬೆರಳಗಲದ ರೆಂಬೆ. ಬಂಡೆ ಎಲ್ಲಿಯೂ ಇಲ್ಲ. ಪ್ರತಿ ಚಳಿಗಾಲವೂ ಆ ಬಿರುಕಿನ ಎದುರು ಒಂದೆರಡು ಬೆಳಗ್ಗೆ ಕೂರುತ್ತೇನೆ. ಗಿಡ ಸ್ವಲ್ಪ ದಪ್ಪಗಾಗಿದೆ.